ಯಂತ್ರ ಕೊಡುವವರಿದ್ದಾರೆ, ಮುಂದಿನ ಗುರುವಾರ ಕೊಡುವವರು ಯಾರು?

ಡಯಾಲಿಸಿಸ್ ನಡೆಯುತ್ತಿರುವಾಗ ಕರೆಂಟು ಹೋದರೆ ಏನು ಮಾಡುತ್ತಾರೆ ಎಂಬುದನ್ನು ನಾನು ನೋಡಿದ್ದು ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ, ಸಂಬಂಧಿಕರೊಬ್ಬರ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದಾಗ. ಫ್ಯಾನು ನಿಂತಿತು, ದೀಪ ಆರಿತು, ಯಂತ್ರಗಳು ಒಂದಾದ ಮೇಲೊಂದು ಕೂಗತೊಡಗಿದವು. ಒಳಗಿನ ಬ್ಯಾಟರಿ ಸ್ವಲ್ಪ ಹೊತ್ತು ಪಂಪನ್ನು ಓಡಿಸುತ್ತದೆ. ಅದೂ ಕೈಕೊಟ್ಟರೆ ನರ್ಸ್ ರಕ್ತದ ಪಂಪಿಗೆ ಪುಟ್ಟದೊಂದು ಹಿಡಿಕೆ ಸಿಕ್ಕಿಸಿ ಕೈಯಿಂದಲೇ ತಿರುಗಿಸಬೇಕು, ಅವಸರಪಡದೆ, ಒಂದೇ ಲಯದಲ್ಲಿ. ಕೊಳವೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುವ ಮೊದಲು ಅದು ರೋಗಿಯ ಮೈಗೆ ಮರಳಬೇಕು. ಅಂದು ಅಲ್ಲಿದ್ದದ್ದು ಹತ್ತು ಮಂಚ, ಇಬ್ಬರು ನರ್ಸ್. ಏಳೆಂಟು ನಿಮಿಷದಲ್ಲಿ ಕರೆಂಟು ಬಂತು. ಇಬ್ಬರೂ ಹಣೆ ಒರೆಸಿಕೊಂಡು ನಕ್ಕರು.

ಕರೆಂಟು ಬರುವ ಖಾತರಿಯೇ ಇಲ್ಲದ ಊರುಗಳಲ್ಲಿ ಇದೇ ಕೆಲಸ ವರ್ಷಗಟ್ಟಲೆ ನಡೆದಿದೆ. ಯೆಮನ್‌ನಲ್ಲಿ 2015ರಿಂದ, ಸುಡಾನ್‌ನಲ್ಲಿ 2023ರ ಏಪ್ರಿಲ್‌ನಿಂದ, ಗಾಜಾದಲ್ಲಿ ಅದೇ ವರ್ಷದ ಅಕ್ಟೋಬರ್‌ನಿಂದ. ಈ ಮೂರರಲ್ಲಿ ಯೆಮನ್ ಬಗ್ಗೆ ಹೆಚ್ಚು ಬರೆಯುತ್ತೇನೆ. ಅಲ್ಲಿನ ಯುದ್ಧ ಹಳೆಯದು, ದಾನಿಗಳು ಬಂದು ಹೋಗಿ ಮತ್ತೆ ಬಂದಿದ್ದಾರೆ. ಯಾವ ದಾನ ಬಾಳಿತು, ಯಾವುದು ಬಾಳಲಿಲ್ಲ ಎಂದು ನೋಡುವಷ್ಟು ಕಾಲ ಕಳೆದಿದೆ.

2018ರಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿ ಯೆಮನ್‌ನ ಕಿಡ್ನಿ ರೋಗಿಗಳ ಬಗ್ಗೆ ಒಂದು ಲೆಕ್ಕ ಹೇಳಿತು. ದೇಶದಲ್ಲಿ ಡಯಾಲಿಸಿಸ್ ಬೇಕಾದವರು ಸುಮಾರು 4,400 ಮಂದಿ. ಯುದ್ಧದ ಮೊದಲು 32 ಡಯಾಲಿಸಿಸ್ ಕೇಂದ್ರಗಳಿದ್ದವು, ಉಳಿದದ್ದು 28. ಯುದ್ಧ ಶುರುವಾದಂದಿನಿಂದ ಪ್ರತಿ ವರ್ಷ ಈ ರೋಗಿಗಳಲ್ಲಿ ಕಾಲು ಭಾಗ ಸಾಯುತ್ತಿದ್ದಾರೆ. ಡಯಾಲಿಸಿಸ್ ಮೇಲಿರುವವರ ಆಯುಸ್ಸು ಶ್ರೀಮಂತ ದೇಶಗಳಲ್ಲೂ ಅಷ್ಟಕ್ಕಷ್ಟೇ ಎಂಬುದನ್ನು ಇಲ್ಲಿ ಮರೆಯಬಾರದು. ಅಮೆರಿಕದಲ್ಲೇ ವರ್ಷಕ್ಕೆ ಹೆಚ್ಚೂಕಡಿಮೆ ಆರರಲ್ಲೊಬ್ಬರು ತೀರಿಕೊಳ್ಳುತ್ತಾರೆ. ಆದರೆ ಅಲ್ಲಿನ ರೋಗಿಗಳಲ್ಲಿ ದೊಡ್ಡ ಪಾಲು ಮುದುಕರು, ನಾಲ್ಕಾರು ಕಾಯಿಲೆ ಹೊತ್ತವರು. ಯೆಮನ್ ಎಳೆಯರ ದೇಶ. ಅಲ್ಲಿ ನಾಲ್ಕರಲ್ಲೊಬ್ಬರು ಎಂದರೆ ಯಂತ್ರವಿದ್ದೂ, ಸೂಜಿ ಚುಚ್ಚಲು ಬಲ್ಲವರಿದ್ದೂ, ಸರದಿ ತಪ್ಪಿ ಸತ್ತವರ ಲೆಕ್ಕ ಅದರೊಳಗೆ ಸೇರಿದೆ ಎಂದೇ ಓದಿಕೊಳ್ಳಬೇಕು.

ಸರದಿ ತಪ್ಪುವುದು ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕು. ಕಿಡ್ನಿ ಪೂರ್ತಿ ಕೈಬಿಟ್ಟವರಿಗೆ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ನಡುವಿನ ದಿನಗಳಲ್ಲಿ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ತಿಂದದ್ದರ ಪೊಟ್ಯಾಶಿಯಂ ರಕ್ತದಲ್ಲೇ ಉಳಿಯುತ್ತದೆ. ನೀರು ಶ್ವಾಸಕೋಶಕ್ಕೆ ಏರಿದರೆ ಮಲಗಲಾಗುವುದಿಲ್ಲ, ರಾತ್ರಿಯಿಡೀ ಗೋಡೆಗೆ ಒರಗಿ ಕುಳಿತು ಉಸಿರಿಗೆ ಒದ್ದಾಡಬೇಕು. ಪೊಟ್ಯಾಶಿಯಂ ಏರಿದರೆ ಅಷ್ಟು ಸೂಚನೆಯೂ ಸಿಗುವುದಿಲ್ಲ, ಹೃದಯ ಸುಮ್ಮನೆ ನಿಂತುಬಿಡುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಎಂದು ಸರದಿ ಇಟ್ಟುಕೊಂಡವರಿಗೆ ವಾರದ ಕೊನೆಯಲ್ಲಿ ಎರಡು ದಿನದ ಬಿಡುವು ಬರುತ್ತದಲ್ಲ, ಆ ಬಿಡುವಿನ ಮರುದಿನ ಸಾವು ಹೆಚ್ಚು ಎಂದು 2011ರಲ್ಲಿ ಅಮೆರಿಕದ ದೊಡ್ಡದೊಂದು ಅಧ್ಯಯನ ತೋರಿಸಿತು. ಎಲ್ಲ ಸರಿ ಇರುವ ದೇಶದಲ್ಲಿ, ಒಂದೇ ಒಂದು ಹೆಚ್ಚುವರಿ ದಿನಕ್ಕೆ ಇಷ್ಟು ಬೆಲೆ. ಯೆಮನ್‌ನಲ್ಲಿ ಮೂರು ಸರದಿಯನ್ನು ಎರಡಕ್ಕೆ ಇಳಿಸಿ ವರ್ಷಗಳೇ ಆಗಿವೆ.

ಇನ್ನು ಸಾಮಾನಿನ ಲೆಕ್ಕ. ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಮ್ಮ ಮನೆಗಳಿಗೆ ಬರುವ 20 ಲೀಟರಿನ ಕ್ಯಾನು ಎಂದುಕೊಂಡರೆ ಆರು ಕ್ಯಾನು. ಅದೂ ಕುಡಿಯುವ ನೀರಿಗಿಂತ ಶುದ್ಧವಾಗಿರಬೇಕು, ಏಕೆಂದರೆ ಇದು ಹೊಟ್ಟೆಯ ಹಾದಿಯಲ್ಲ. ತೆಳುವಾದೊಂದು ಪೊರೆಯ ಆಚೆಗೆ ನೀರು, ಈಚೆಗೆ ರಕ್ತ. ಪುರಸಭೆಯವರು ನೀರಿಗೆ ಹಾಕುವ ಕ್ಲೋರಿನ್ ಸರಿಯಾಗಿ ಸೋಸದೆ ಹೋದರೆ ರಕ್ತಕಣಗಳೇ ಒಡೆಯುತ್ತವೆ. ಹಾಗಾಗಿ ಪ್ರತಿ ಡಯಾಲಿಸಿಸ್ ಘಟಕದ ಹಿಂದೆ ಇನ್ನೊಂದು ಕೋಣೆ ಇರುತ್ತದೆ: ಇದ್ದಿಲಿನ ಟ್ಯಾಂಕು, ನೀರಿನ ಗಡಸು ತೆಗೆಯುವ ಟ್ಯಾಂಕು, ಆರ್‌ಒ ಘಟಕ, ಪಂಪು. ದಾನಿಗಳು ಫೋಟೊ ತೆಗೆಸಿಕೊಳ್ಳುವುದು ಮುಂದಿನ ಕೋಣೆಯಲ್ಲಿ, ರೋಗಿಯ ಜೀವ ಇರುವುದು ಹಿಂದಿನ ಕೋಣೆಯಲ್ಲಿ. ನೀರಿನ ಜೊತೆಗೆ ಪ್ರತಿ ಸರದಿಗೂ ಒಂದು ಡಯಲೈಸರ್ (ಆ ಪೊರೆಯಿರುವ, ರಕ್ತ ಸೋಸುವ ಭಾಗ), ರಕ್ತದ ಕೊಳವೆಗಳು, ಎರಡು ದಪ್ಪ ಸೂಜಿ, ಸಲೈನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಎರಡು ಬಗೆಯ ದ್ರಾವಣದ ಕ್ಯಾನುಗಳು ಬೇಕು. ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ನನ್ನು ಬಂದರಿನಿಂದ ವಾರ್ಡಿನವರೆಗೂ ತಣ್ಣಗೆ ಇಟ್ಟುಕೊಂಡೇ ತರಬೇಕು.

4,400 ರೋಗಿಗಳಿಗೆ ವಾರಕ್ಕೆ ಎರಡೇ ಸರದಿ ಎಂದು ಹಿಡಿದರೂ ವರ್ಷಕ್ಕೆ ನಾಲ್ಕೂವರೆ ಲಕ್ಷ ದಾಟುತ್ತದೆ. ನ್ಯಾಯವಾಗಿ ಸಲ್ಲಬೇಕಾದ ಮೂರು ಸರದಿ ಎಂದರೆ ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ಸಹಾಯ ಸಂಸ್ಥೆಯ ಗೋದಾಮಿನಲ್ಲಿ ಕುಳಿತು ನೋಡಿದರೆ ಡಯಾಲಿಸಿಸ್ ಎಂಬುದು ರೋಗಕ್ಕಿಂತ ಹೆಚ್ಚಾಗಿ ಸಾಗಾಟದ ಸಮಸ್ಯೆ. ಲಾರಿಗಟ್ಟಲೆ ಕ್ಯಾನು, ಪ್ರತಿ ವಾರ, ಕೊನೆಯೇ ಇಲ್ಲದೆ.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ದಾನಕ್ಕೆ ಒಂದು ಮುಹೂರ್ತವಿರುತ್ತದೆ, ಡಯಾಲಿಸಿಸ್‌ಗೆ ಮುಹೂರ್ತವಿಲ್ಲ. ಯಂತ್ರ ಒಂದು ದಿನ ಬರುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಮೇಲೆ ದಾನಿಯ ಹೆಸರಿನ ಫಲಕ ಕೂರುತ್ತದೆ. ಆ ಯಂತ್ರದ ಮುಂದೆ ಮಲಗುವವನಿಗೆ ಬೇಕಾದದ್ದು ಮುಂದಿನ ಗುರುವಾರ, ಅದರ ಮುಂದಿನ ಭಾನುವಾರ, ಹೀಗೆ ಜೀವ ಇರುವ ತನಕ. ಯುದ್ಧದ ನಡುವೆ ಇದನ್ನು ಕೊಡಬಲ್ಲ ದಾನ ಯಾವುದು ಎಂಬುದೇ ಪ್ರಶ್ನೆ.

ಯೆಮನ್‌ನಲ್ಲಿ ಮೊದಲು ಕಡಿಮೆಯಾದದ್ದು ಯಂತ್ರವಲ್ಲ, ಕೆಲಸದ ಕೈಗಳು. 2015ರ ಮಾರ್ಚ್ 26ರಂದು ಸೌದಿ ನೇತೃತ್ವದ ಒಕ್ಕೂಟ ರಾಜಧಾನಿ ಸನಾವನ್ನು ಹಿಡಿದಿದ್ದ ಹೌತಿ ಬಂಡುಕೋರರ ವಿರುದ್ಧ ವಾಯುದಾಳಿ ಶುರು ಮಾಡಿತು. ಕೆಲವೇ ದಿನಗಳಲ್ಲಿ ಭಾರತ ‘ಆಪರೇಷನ್ ರಾಹತ್’ ನಡೆಸಿ ಹಡಗು, ವಿಮಾನಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾರತೀಯರನ್ನು, ಜೊತೆಗೆ ಸುಮಾರು 960 ವಿದೇಶಿಯರನ್ನು ಅಲ್ಲಿಂದ ಕರೆತಂದಿತು. ನಾವು ಅದನ್ನು ಹೆಮ್ಮೆಯ ಸುದ್ದಿಯಾಗಿ ಓದಿದೆವು, ಹೆಮ್ಮೆ ಪಡುವಂಥದ್ದೇ. ಆದರೆ ಹಾಗೆ ಬಂದವರಲ್ಲಿ ಬಹಳ ಮಂದಿ ನರ್ಸ್‌ಗಳು, ಹೆಚ್ಚಿನವರು ಕೇರಳದವರು. ಯೆಮನ್‌ನ ದೊಡ್ಡ ಆಸ್ಪತ್ರೆಗಳು ಅವರ ಕೈಯಲ್ಲಿ ನಡೆಯುತ್ತಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಪ್ಪಿಕೊಂಡು ಅತ್ತವರ ಚಿತ್ರಗಳು ಬಂದ ವಾರವೇ ಅಲ್ಲಿ ಎಷ್ಟೋ ವಾರ್ಡುಗಳು ಖಾಲಿಯಾದವು. ಯಾರನ್ನೂ ದೂರುವಂತಿಲ್ಲ. ಬಾಂಬು ಬೀಳುವಲ್ಲಿ ಉಳಿಯಿರಿ ಎಂದು ಇನ್ನೊಬ್ಬರ ಮಗಳಿಗೆ ಹೇಳಲು ಯಾರಿಗೆ ಬಾಯಿ ಬರುತ್ತದೆ?

ಉಳಿದ ಸ್ಥಳೀಯ ಸಿಬ್ಬಂದಿಗೆ ಮುಂದಿನ ವರ್ಷ ಇನ್ನೊಂದು ಪೆಟ್ಟು ಬಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಬ್ಯಾಂಕನ್ನು ಸನಾದಿಂದ ಹೌತಿ ವಿರೋಧಿ ಸರಕಾರದ ಹಿಡಿತದ ಏಡನ್‌ಗೆ ಎತ್ತಲಾಯಿತು. ಹೌತಿ ಆಡಳಿತದ ಪ್ರದೇಶಗಳ ಸರಕಾರಿ ನೌಕರರಿಗೆ ಸಂಬಳ ನಿಂತಿತು. ಡಯಾಲಿಸಿಸ್ ನರ್ಸ್ ಎಂದರೆ ನಿನ್ನೆ ಮೊನ್ನೆ ತರಬೇತಿ ಕೊಟ್ಟು ತಯಾರಿಸುವವರಲ್ಲ. ತೋಳಿನ ಫಿಸ್ಟುಲಾದಲ್ಲಿ (ಡಯಾಲಿಸಿಸ್‌ಗೆಂದೇ ಜೋಡಿಸಿದ ರಕ್ತನಾಳ) ಎಲ್ಲಿ ಚುಚ್ಚಬೇಕು, ರೋಗಿಯ ರಕ್ತದೊತ್ತಡ ಕುಸಿಯುವ ಐದು ನಿಮಿಷ ಮೊದಲೇ ಮುಖದಲ್ಲಿ ಏನು ಕಾಣುತ್ತದೆ ಎಂಬುದು ವರ್ಷಗಳ ಕೈಪಳಗಿಕೆಯಿಂದ ಬರುವಂಥದ್ದು. ಅಂಥವರು ಸಂಬಳವಿಲ್ಲದೆ ಕೆಲಸಕ್ಕೆ ಬಂದರು, ಬಸ್ಸಿನ ಕಾಸಿಗೂ ಸಾಲ ಮಾಡಿದರು, ಕೆಲವರು ಬಿಟ್ಟರು. ಹಾಗಾಗಿ ಯೆಮನ್‌ನಲ್ಲಿ ಎಂಎಸ್‌ಎಫ್‌ನಂಥ ವೈದ್ಯರ ಸಂಸ್ಥೆಗಳೂ ರೆಡ್‌ಕ್ರಾಸೂ ಮಾಡಿದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದು ಫೋಟೊದಲ್ಲಿ ಬರುವಂಥದ್ದೇ ಅಲ್ಲ. ಸಂಬಳ ನಿಂತ ಆಸ್ಪತ್ರೆಗಳ ಸಿಬ್ಬಂದಿಗೆ ಅವು ತಿಂಗಳು ತಿಂಗಳು ಪ್ರೋತ್ಸಾಹಧನ ಕೊಟ್ಟವು. ಇದನ್ನು ದಾನಿಗೆ ಮಾರುವುದು ಕಷ್ಟ. ‘ನಿಮ್ಮ ದುಡ್ಡಿನಿಂದ ಒಬ್ಬ ನರ್ಸ್ ಈ ತಿಂಗಳು ಕೆಲಸ ಬಿಡಲಿಲ್ಲ’ ಎಂಬ ಫಲಕವನ್ನು ಯಾವ ಗೋಡೆಗೆ ಹೊಡೆಯುವುದು?

ಎಂಎಸ್‌ಎಫ್ 2015ರ ಕೊನೆಯ ತಿಂಗಳುಗಳಿಂದ ಸನಾ ಸೇರಿದಂತೆ ಹಲವೆಡೆ ಡಯಾಲಿಸಿಸ್ ಕೇಂದ್ರಗಳಿಗೆ ಸಾಮಗ್ರಿ ಪೂರೈಸಿತು. ಆಮೇಲೆ ರೆಡ್‌ಕ್ರಾಸ್ ಸಹ ಸನಾ, ಏಡನ್, ಮಹ್ವೀತ್ ಮುಂತಾದ ಕಡೆ ಕೇಂದ್ರಗಳ ಕೈ ಹಿಡಿಯಿತು. ಇಂಥ ಸಂಸ್ಥೆಗಳಿಗೆ ಡಯಾಲಿಸಿಸ್ ಎಂದರೆ ಒಳಗೊಳಗೇ ಅಳುಕು. ಅವು ಕಟ್ಟಿಕೊಂಡಿರುವುದು ತುರ್ತಿಗೆ: ಗುಂಡೇಟು, ಹೆರಿಗೆ, ಕಾಲರಾ. ಬಂದು, ಬೆಂಕಿ ಆರಿಸಿ, ಹೊರಡುವುದು. ಡಯಾಲಿಸಿಸ್‌ಗೆ ಒಮ್ಮೆ ಕೈ ಹಾಕಿದರೆ ಹೊರಡುವ ದಿನವೇ ಇಲ್ಲ, ಹೊರಟ ದಿನ ಹಿಂದೆ ಉಳಿದವರಲ್ಲಿ ಹೆಚ್ಚಿನವರು ಒಂದೆರಡು ವಾರವಷ್ಟೇ ಬದುಕುತ್ತಾರೆ. ಅದೇ ಹಣದಲ್ಲಿ ಎಷ್ಟೋ ಪಟ್ಟು ಮಕ್ಕಳನ್ನು ಕಾಲರಾದಿಂದ ಉಳಿಸಬಹುದು ಎಂಬ ವಾದವೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. 2017ರ ಕೊನೆಗೆ ಯೆಮನ್‌ನ ಕಾಲರಾ ಶಂಕಿತರ ಸಂಖ್ಯೆ 10 ಲಕ್ಷ ಮುಟ್ಟಿತ್ತು. ಆ ಹತ್ತು ಲಕ್ಷದ ಮುಂದೆ 4,400 ಎಷ್ಟರದು?

‘ದಿನವೂ ಸಾಯುವವರಿಗೆ ಅಳುವವರು ಯಾರು’ ಎಂದು ನಮ್ಮಲ್ಲೊಂದು ಗಾದೆಯಿದೆ. ಅದನ್ನು ಬೈಗುಳದಂತೆ ಬಳಸುತ್ತೇವೆ, ಆದರೆ ಸಹಾಯ ಸಂಸ್ಥೆಗಳ ತುರ್ತು ಪಟ್ಟಿಗಳನ್ನು ನೋಡಿದರೆ ಅದು ಅಲ್ಲಿನ ನಿಯಮದಂತೆಯೇ ಕಾಣುತ್ತದೆ. ಬಾಂಬಿಗೆ ಸತ್ತವನು ಯುದ್ಧದ ಲೆಕ್ಕಕ್ಕೆ ಸೇರುತ್ತಾನೆ. ರಸ್ತೆ ಮುಚ್ಚಿ ಎರಡು ಸರದಿ ತಪ್ಪಿ ಸತ್ತವನು ಕಿಡ್ನಿ ಕಾಯಿಲೆಯ ಲೆಕ್ಕಕ್ಕೆ ಸೇರುತ್ತಾನೆ.

ಡಯಾಲಿಸಿಸ್ ಹುಟ್ಟಿದ್ದೇ ಯುದ್ಧದಲ್ಲಿ ಎಂಬುದು ನೆನಪಾದಾಗ ಈ ಪಟ್ಟಿಗಳ ಮೇಲೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. 1941ರಲ್ಲಿ, ಲಂಡನ್ನಿನ ಮೇಲೆ ಜರ್ಮನ್ ಬಾಂಬು ಬೀಳುತ್ತಿದ್ದಾಗ, ಅವಶೇಷಗಳಡಿಯಿಂದ ಜೀವಂತ ಹೊರತೆಗೆದವರು ಕೆಲವು ದಿನಗಳ ನಂತರ ಮೂತ್ರ ಕಟ್ಟಿ ಸಾಯುವುದನ್ನು ವೈದ್ಯರು ದಾಖಲಿಸಿದರು. ಜಜ್ಜಿದ ಸ್ನಾಯುವಿನಿಂದ ಹೊರಬಿದ್ದ ವಿಷ ಕಿಡ್ನಿಯನ್ನು ಕೆಡಿಸುತ್ತದೆ. ಅದೇ ಕಾಲಕ್ಕೆ ನಾಜಿಗಳ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಯುವ ವೈದ್ಯ ಸಾಸೇಜಿಗೆ ಹೊದಿಸುವ ಸೆಲ್ಲೊಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ, ಕೆಳಗೆ ಎನಾಮಲ್ ತೊಟ್ಟಿಯಿಟ್ಟು ಕೃತಕ ಕಿಡ್ನಿ ಮಾಡಿದ. 1943ರಿಂದ ಒಬ್ಬರಾದ ಮೇಲೊಬ್ಬರಂತೆ ಹದಿನೈದಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ಕೊಟ್ಟರೂ ಅದು ಕಿಡ್ನಿ ಉಳಿಸಿತೆಂದು ಎದೆ ತಟ್ಟಿ ಹೇಳುವಂಥ ಒಂದು ಉದಾಹರಣೆಯೂ ಸಿಗಲಿಲ್ಲ. 1945ರ ಸೆಪ್ಟೆಂಬರ್‌ನಲ್ಲಿ ಅಂಥ ಮೊದಲ ರೋಗಿ ಎದ್ದು ಕುಳಿತಳು. 67 ವರ್ಷದ ಹೆಂಗಸು, ನಾಜಿಗಳ ಪರವಾಗಿದ್ದಳೆಂದು ಸೆರೆಯಲ್ಲಿದ್ದವಳು. ಊರಿನ ಎಷ್ಟೋ ಮಂದಿಗೆ ಅವಳು ಬದುಕುವುದೇ ಬೇಡವಾಗಿತ್ತು. ಕೋಲ್ಫ್ ಆ ಪ್ರಶ್ನೆಯನ್ನು ಹತ್ತಿರಕ್ಕೇ ಸೇರಿಸಲಿಲ್ಲ. ಯುದ್ಧ ಮುಗಿದ ಮೇಲೆ ತಾನು ಮಾಡಿಸಿದ ಯಂತ್ರಗಳನ್ನು ಲಂಡನ್, ಮಾಂಟ್ರಿಯಲ್, ನ್ಯೂಯಾರ್ಕ್‌ನ ಆಸ್ಪತ್ರೆಗಳಿಗೆ ಉಚಿತವಾಗಿ ಕಳಿಸಿಕೊಟ್ಟ.

ದಾನ ಬಂದ ಯಂತ್ರ ತಾನೇ ತೊಡಕಾಗಬಲ್ಲದು ಎಂಬುದು 1988ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಆರ್ಮೇನಿಯಾದ ಭೂಕಂಪದಲ್ಲಿ ಸುಮಾರು 25,000 ಜನ ಸತ್ತರು, ಅವಶೇಷಗಳಡಿ ಸಿಕ್ಕಿ ಉಳಿದ ನೂರಾರು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಲೋಕದ ಮೂಲೆ ಮೂಲೆಯಿಂದ ನೆರವು ಹರಿದು ಬಂತು, ಆದರೆ ಹೊಂದಾಣಿಕೆಯಿಲ್ಲದೆ. ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದರ ಕೊಳವೆ ಕೂರುವುದಿಲ್ಲ ಎಂಬಷ್ಟು ಸಣ್ಣ ವಿಷಯವೇ ಇಂಥ ಹೊತ್ತಿನಲ್ಲಿ ಜೀವ ತೆಗೆಯುತ್ತದೆ. ಪಾಠ ಕಲಿತ ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಂಘ ಮರುವರ್ಷ ಒಂದು ವಿಪತ್ತು ಪಡೆಯನ್ನೇ ಕಟ್ಟಿತು. 1999ರಲ್ಲಿ ಟರ್ಕಿಯ ಮರ್ಮರಾ ಭೂಕಂಪವಾದಾಗ ಆ ಪಡೆಯೂ ಎಂಎಸ್‌ಎಫ್ ಸಹ ಟರ್ಕಿಯ ವೈದ್ಯರ ಜೊತೆ ನಿಂತು ಕೆಲಸ ಮಾಡಿದವು. ಕಿಡ್ನಿಗೆ ಪೆಟ್ಟಾದ 639 ಮಂದಿಯಲ್ಲಿ 477 ಮಂದಿಗೆ ಡಯಾಲಿಸಿಸ್ ಆಯಿತು, ಸತ್ತವರು ಶೇ 15ರಷ್ಟು. ಹಳೆಯ ಅನುಭವಗಳಿಗೆ ಹೋಲಿಸಿದರೆ ಇದು ದೊಡ್ಡ ಗೆಲುವು.

ಆದರೆ ಭೂಕಂಪ ನಿಲ್ಲುತ್ತದೆ, ಯುದ್ಧ ನಿಲ್ಲುವುದಿಲ್ಲ. ಭೂಕಂಪದಲ್ಲಿ ಯಾರೂ ಲಾರಿ ತಡೆದು ಪೆಟ್ಟಿಗೆ ಇಳಿಸಿಕೊಳ್ಳುವುದಿಲ್ಲ. 2018ರ ಮಾರ್ಚ್‌ನಲ್ಲಿ ಸಿರಿಯಾದ ಮುತ್ತಿಗೆಗೆ ಸಿಕ್ಕ ಪೂರ್ವ ಘೌಟಾಕ್ಕೆ ಹೊರಟ ಸಹಾಯದ ಲಾರಿಗಳಿಂದ ವೈದ್ಯಕೀಯ ಸಾಮಗ್ರಿಯ ಶೇ 70ರಷ್ಟನ್ನು ಸರಕಾರದ ಕಡೆಯವರು ಇಳಿಸಿಬಿಟ್ಟರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಇಳಿಸಿದ ವಸ್ತುಗಳಲ್ಲಿ ಗಾಯದ ಚಿಕಿತ್ಸೆಯ ಪೆಟ್ಟಿಗೆಗಳು, ಇನ್ಸುಲಿನ್, ಡಯಾಲಿಸಿಸ್ ಸಾಮಗ್ರಿ ಸೇರಿದ್ದವು. ಗಾಯದ ಪೆಟ್ಟಿಗೆ ಶತ್ರು ಸೈನಿಕನಿಗೆ ಹೋಗಬಹುದೆಂಬ ನೆಪವನ್ನಾದರೂ ಹೇಳಬಹುದು. ಡಯಲೈಸರಿನಿಂದ ಯಾವ ಸೈನಿಕ ಮರಳಿ ಕಣಕ್ಕೆ ಬಂದಾನು? ವೈದ್ಯಕೀಯ ಸಾಮಗ್ರಿಗೆ ದಾರಿ ಬಿಡಬೇಕೆಂದು 1949ರ ನಾಲ್ಕನೇ ಜಿನೀವಾ ಒಪ್ಪಂದದಲ್ಲಿದೆ. ಆಸ್ಪತ್ರೆಗಳನ್ನು ಕಾಪಾಡಬೇಕೆಂದು ಭದ್ರತಾ ಮಂಡಳಿ 2016ರ ಮೇಯಲ್ಲಿ 2286ನೇ ನಿರ್ಣಯ ಮಾಡಿತು. ಅದಾಗಿ ಮೂರೂವರೆ ತಿಂಗಳಿಗೇ, ಆಗಸ್ಟ್ 15ರಂದು, ಯೆಮನ್‌ನ ಅಬ್ಸ್ ಊರಿನಲ್ಲಿ ಎಂಎಸ್‌ಎಫ್ ಬೆಂಬಲದ ಆಸ್ಪತ್ರೆಯ ಮೇಲೆ ಬಾಂಬು ಬಿದ್ದು 19 ಜನ ಸತ್ತರು.

ಗಾಜಾದ ಕತೆ ಇದೇ ಹಾದಿಯದು, ಆದರೆ ಕಿಷ್ಕಿಂಧೆಯಂಥ ಜಾಗದಲ್ಲಿ. ಯುದ್ಧದ ಮೊದಲು ಅಲ್ಲಿ ಸುಮಾರು 1,100 ಡಯಾಲಿಸಿಸ್ ರೋಗಿಗಳಿದ್ದರು. ಉತ್ತರದವರಿಗೆ ದಕ್ಷಿಣಕ್ಕೆ ಹೋಗಿ ಎಂದು ಇಸ್ರೇಲ್ ಹೇಳಿದಾಗ ರೋಗಿಗಳು ಹೋದರು, ಯಂತ್ರಗಳು ಹೋಗಲಿಲ್ಲ. ದೇರ್ ಅಲ್ ಬಲಾದ ಅಲ್ ಅಕ್ಸಾ ಆಸ್ಪತ್ರೆಯಲ್ಲಿ ಇದ್ದಷ್ಟೇ ಯಂತ್ರಗಳಿಗೆ ಕೆಲವು ಪಟ್ಟು ರೋಗಿಗಳು ಬಂದು ಬಿದ್ದರು. ನಾಲ್ಕು ಗಂಟೆಯ ಸರದಿ ಎರಡು, ಎರಡೂವರೆ ಗಂಟೆಗೆ ಇಳಿಯಿತು. 2024ರ ಮೇಯಲ್ಲಿ ರಫಾದ ಅಲ್ ನಜ್ಜಾರ್ ಆಸ್ಪತ್ರೆ ಬರಿದಾದಾಗ ಅಲ್ಲಿನ ಡಯಾಲಿಸಿಸ್ ಘಟಕವೂ ನಿಂತಿತು, ರೋಗಿಗಳು ಮತ್ತೆ ಹೊರಟರು. 2025ರ ಜೂನ್‌ನಲ್ಲಿ ಉತ್ತರ ಗಾಜಾದ ನೂರಾ ಅಲ್ ಕಾಬಿ ಡಯಾಲಿಸಿಸ್ ಕೇಂದ್ರವನ್ನು ಇಸ್ರೇಲ್ ಪಡೆಗಳು ನೆಲಸಮ ಮಾಡಿದ ಸುದ್ದಿ ಬಂತು. ಯುದ್ಧ ಶುರುವಾದ ಮೇಲೆ ಕಿಡ್ನಿ ರೋಗಿಗಳಲ್ಲಿ ಶೇ 41ರಷ್ಟು ಸತ್ತಿದ್ದಾರೆಂದು ಹಮಾಸ್ ಆಡಳಿತದ ಆರೋಗ್ಯ ಸಚಿವಾಲಯ ಆಗ ಹೇಳಿತು. ಮುಂದಿನ ತಿಂಗಳು ಅಲ್ ಶಿಫಾ ಆಸ್ಪತ್ರೆಯಲ್ಲಿ ಡೀಸೆಲ್ ಇಲ್ಲದೆ ಡಯಾಲಿಸಿಸ್ ನಿಲ್ಲಿಸಬೇಕಾಯಿತು. ಆ ಹೊತ್ತಿಗೆ ಯಾರಾದರೂ ಹತ್ತು ಹೊಸ ಯಂತ್ರ ಕೊಡಲು ಬಂದಿದ್ದರೆ ಅವುಗಳನ್ನು ಇಡುವುದೆಲ್ಲಿ, ಓಡಿಸುವುದು ಯಾವುದರಿಂದ? ಇನ್ನು ಸುಡಾನ್‌ನ ಎಲ್ ಫಾಶರ್. ಮುತ್ತಿಗೆಗೆ ಸಿಕ್ಕ ಆ ನಗರದ ಡಯಾಲಿಸಿಸ್ ಕೇಂದ್ರ 2024ರಲ್ಲಿ ಶೆಲ್ ದಾಳಿಗೆ ಸಿಕ್ಕಿತು. ಉಕ್ರೇನ್‌ನ ರೋಗಿಗಳೂ ಕಷ್ಟಪಟ್ಟರು, ಆದರೆ ಅವರಲ್ಲಿ ಹಲವರು ಗಡಿ ದಾಟಿ ಪೋಲೆಂಡಿನ ಘಟಕಗಳಲ್ಲಿ ಮಲಗಿದರು. ಗಾಜಾದವರಿಗೆ ಅಂಥ ಗಡಿ ಇಲ್ಲ.

ಇರುವಷ್ಟು ಯಂತ್ರವನ್ನು ಹಂಚುವುದು ಹೇಗೆ? ಎಲ್ಲರಿಗೂ ಎರಡೆರಡು ಸರದಿ ಕೊಟ್ಟು ಎಲ್ಲರನ್ನೂ ಅರ್ಧಂಬರ್ಧ ಬದುಕಿಸುವುದೇ, ಅಥವಾ ಕೆಲವರಿಗೆ ಮೂರು ಕೊಟ್ಟು ಉಳಿದವರನ್ನು ಕೈಬಿಡುವುದೇ? ಹೊಸ ರೋಗಿ ಬಾಗಿಲಿಗೆ ಬಂದರೆ ಯಾರ ಸರದಿ ಕತ್ತರಿಸುವುದು? ಅಮೆರಿಕದ ಸಿಯಾಟಲ್‌ನಲ್ಲಿ 1960ರ ದಶಕದ ಆರಂಭದಲ್ಲಿ, ಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ, ಪಾದ್ರಿ, ವಕೀಲ, ಗೃಹಿಣಿ ಮುಂತಾದವರ ಸಮಿತಿಯೊಂದು ಈ ತೀರ್ಮಾನ ಮಾಡುತ್ತಿತ್ತು. ಯಾರು ಬದುಕಬೇಕೆಂದು ಆರಿಸುವ ಆ ಸಮಿತಿಯ ಸುದ್ದಿ ಹೊರಬಿದ್ದಾಗ ದೇಶ ಬೆಚ್ಚಿತು. ಹತ್ತು ವರ್ಷದ ನಂತರ, 1972ರಲ್ಲಿ, ಸರಕಾರವೇ ಖರ್ಚು ಹೊರುವ ಕಾನೂನು ಬಂತು. ಸನಾ, ದೇರ್ ಅಲ್ ಬಲಾಗಳಲ್ಲಿ ಅಂಥ ಸಮಿತಿಯೂ ಇಲ್ಲ. ರಾತ್ರಿ ಪಾಳಿಯ ನರ್ಸ್ ಕಾಗದದ ಮೇಲೆ ಹೆಸರು ಹಿಂದುಮುಂದು ಮಾಡುತ್ತಾಳೆ. ಸಾಮಾನ್ಯವಾಗಿ ಎಲ್ಲರಿಗೂ ಕಡಿಮೆ ಮಾಡುವ ದಾರಿಯನ್ನೇ ಹಿಡಿಯುತ್ತಾರೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಅದು ಸರಿಯೋ ತಪ್ಪೋ, ದಿನವೂ ಒಂದೇ ಕೋಣೆಯಲ್ಲಿ ಮುಖ ನೋಡುವವರ ನಡುವೆ ಬೇರೆ ದಾರಿ ಕಾಣುವುದಿಲ್ಲ.

ಮನೆಯಲ್ಲೇ ಹೊಟ್ಟೆಯ ಪೊರೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಇದೆಯಲ್ಲ, ಅದಕ್ಕೆ ಕರೆಂಟು ಬೇಡವಲ್ಲ ಎಂದು ಯಾರಾದರೂ ಕೇಳುತ್ತಾರೆ. ನಿಜ, ಬೇಡ. ಆದರೆ ದಿನಕ್ಕೆ ಎರಡು ಲೀಟರಿನ ನಾಲ್ಕು ಚೀಲ, ತಿಂಗಳಿಗೆ 240 ಲೀಟರ್ ಕೀಟಾಣುರಹಿತ ದ್ರಾವಣ ಮನೆ ಬಾಗಿಲಿಗೆ ಬರಬೇಕು. ಅದನ್ನು ಕೂಡಿಸುವ ಕೈ ಸೋಪು ನೀರಿನಲ್ಲಿ ತೊಳೆದಿರಬೇಕು. ಡೇರೆಯಲ್ಲಿ, ಮರಳಿನ ನಡುವೆ, ಹನ್ನೆರಡು ಜನರಿಗೆ ಒಂದು ಬಕೆಟ್ ನೀರು ಇರುವಲ್ಲಿ ಅದು ಹೊಟ್ಟೆಯ ಸೋಂಕಿಗೆ ನೇರ ದಾರಿ.

ಊಟದ ವಿಷಯವನ್ನಂತೂ ಯಾರೂ ಎತ್ತುವುದೇ ಇಲ್ಲ. ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವವರು ಎಳನೀರು, ಬಾಳೆಹಣ್ಣು ಹಿಡಿದು ಹೋಗುತ್ತಾರೆ. ಡಯಾಲಿಸಿಸ್ ವಾರ್ಡಿನ ನರ್ಸ್‌ಗೆ ಆ ಎಳನೀರು ಕಂಡರೆ ಎದೆ ಧಸಕ್ಕೆನ್ನುತ್ತದೆ. ಪೊಟ್ಯಾಶಿಯಂ ತುಂಬಿದ ಅದು ಈ ರೋಗಿಗೆ ವಿಷ. ಯೆಮನ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಕೊಡುತ್ತಿದ್ದ ಪಡಿತರದಲ್ಲಿ ಗೋಧಿ ಹಿಟ್ಟು, ಬೇಳೆಕಾಳು, ಎಣ್ಣೆ, ಸಕ್ಕರೆ, ಉಪ್ಪು. ಹಸಿದವರಿಗೆ ಅದು ಸರಿಯಾದ ಚೀಲವೇ. ಆದರೆ ವಾರಕ್ಕೆ ಎರಡೇ ಸರದಿ ಸಿಗುವ ರೋಗಿಗೆ ಕಾಳು ಮತ್ತು ಉಪ್ಪು ಎರಡೂ ಲೆಕ್ಕವಿಟ್ಟು ತಿನ್ನಬೇಕಾದವು. ಗಾಜಾದಲ್ಲಿ ತಿಂಗಳುಗಟ್ಟಲೆ ಸಿಕ್ಕಿದ್ದು ಡಬ್ಬಿಯ ಆಹಾರ ಮತ್ತು ಕಾಳು. ಹಸಿದು ಸಾಯುವುದೋ ತಿಂದು ಸಾಯುವುದೋ ಎಂಬಂಥ ಇಕ್ಕಟ್ಟು. ಕಾಳು, ತರಕಾರಿಯನ್ನು ಹೆಚ್ಚು ನೀರಿನಲ್ಲಿ ನೆನೆಸಿ, ಕುದಿಸಿ, ನೀರು ಚೆಲ್ಲಿದರೆ ಪೊಟ್ಯಾಶಿಯಂ ತಗ್ಗುತ್ತದೆ. ಚೆಲ್ಲುವುದಕ್ಕೆ ನೀರೆಲ್ಲಿದೆ ಎಂಬುದು ಬೇರೆ ಮಾತು.

ಇಲ್ಲಿ ಕಡಿಮೆ ಖರ್ಚಿನ ದಾನಕ್ಕೆ ಜಾಗವಿದೆ. ಪೊಟ್ಯಾಶಿಯಂ ಹೀರಿಕೊಳ್ಳುವ ಪುಡಿಯೊಂದಿದೆ. ಹಗುರ, ಫ್ರಿಜ್ ಬೇಡ, ಒಂದು ಪೆಟ್ಟಿಗೆಯಲ್ಲಿ ಎಷ್ಟೋ ಮಂದಿಯ ಹಲವು ದಿನಗಳ ಆಯುಸ್ಸನ್ನು ತುಂಬಿಸಿ ಕಳಿಸಬಹುದು. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್ ಕಡೆ ಬರುತ್ತಿದೆಯೆಂದು ತಿಳಿದಾಗ ಅನೇಕ ಕೇಂದ್ರಗಳು ಒಂದು ದಿನ ಮೊದಲೇ ರೋಗಿಗಳನ್ನು ಕರೆಸಿ ಡಯಾಲಿಸಿಸ್ ಮಾಡಿದವು. ಹಾಗೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆಯಿತ್ತೆಂದು ಆಮೇಲೆ ಕಂಡುಬಂತು. ಯುದ್ಧಕ್ಕೆ ಹವಾಮಾನ ವರದಿ ಇಲ್ಲ. ಆದರೂ ಪ್ರತಿ ರೋಗಿಯ ಮನೆಯಲ್ಲಿ ಆ ಪುಡಿ, ಏನು ತಿನ್ನಬಾರದೆಂಬ ಒಂದು ಹಾಳೆ, ಕೊನೆಯ ಚಿಕಿತ್ಸೆಯ ವಿವರವಿರುವ ಒಂದು ಚೀಟಿ ಇದ್ದರೆ ಗುಳೆ ಹೊರಟವರು ಹೊಸ ಊರಿನ ಘಟಕದಲ್ಲಿ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.

ರಂಜಾನ್ ತಿಂಗಳು ಬಂದರೆ ಕೊಲ್ಲಿ ದೇಶಗಳಲ್ಲೂ ಯುರೋಪಿನಲ್ಲೂ ‘ಒಂದು ಡಯಾಲಿಸಿಸ್ ಸರದಿಯನ್ನು ಪ್ರಾಯೋಜಿಸಿ’ ಎಂಬ ಮನವಿಗಳು ಬರುತ್ತವೆ. ಮೋಸವೆಂದು ನಾನು ಹೇಳುತ್ತಿಲ್ಲ. ಯಂತ್ರದ ಬದಲು ಸರದಿಯನ್ನು ಲೆಕ್ಕದ ಅಳತೆಗೋಲು ಮಾಡಿಕೊಂಡದ್ದೇ ಒಳ್ಳೆಯ ಹೆಜ್ಜೆ. ಆದರೆ ಆ ಬೆಲೆಯಲ್ಲಿ ಏನೇನು ಸೇರಿದೆ ಎಂದು ಕೇಳಬೇಕು. ಸಾಮಾನ್ಯವಾಗಿ ಡಯಲೈಸರ್, ಕೊಳವೆ, ಸೂಜಿ, ದ್ರಾವಣ. ಡೀಸೆಲ್, ಆರ್‌ಒ ಫಿಲ್ಟರು, ಎಂಜಿನಿಯರಿನ ಭೇಟಿ, ನರ್ಸ್‌ನ ಸಂಬಳ, ರೋಗಿಯ ಬಸ್ ಚಾರ್ಜು ಹೊರಗೇ ಉಳಿಯುತ್ತವೆ. ಜೊತೆಗೆ ರಂಜಾನ್‌ನಲ್ಲಿ ಏರುವ ದಾನ ಉಳಿದ ಹನ್ನೊಂದು ತಿಂಗಳಿಗೂ ಹರಿಯುವಂತೆ ಕಾಪಿಟ್ಟಿದ್ದಾರೆಯೇ ಎಂಬುದನ್ನೂ ನೋಡಬೇಕು. ನಾನಾದರೆ ಯಾವ ಸಂಸ್ಥೆಯನ್ನೂ ‘ಎಷ್ಟು ಯಂತ್ರ ಕೊಟ್ಟಿರಿ’ ಎಂದು ಕೇಳುವುದಿಲ್ಲ. ‘ಕಳೆದ ಮೂರು ತಿಂಗಳಲ್ಲಿ ನಿಮ್ಮ ಕೇಂದ್ರದಲ್ಲಿ ಎಷ್ಟು ಸರದಿ ತಪ್ಪಿತು, ಯಾಕೆ’ ಎಂದು ಕೇಳುತ್ತೇನೆ. ಲೆಕ್ಕ ಇಟ್ಟವರು ತಕ್ಷಣ ಹೇಳುತ್ತಾರೆ.

ಕೊಡುವವರು ಯಾರು ಎಂಬ ಪ್ರಶ್ನೆಯೂ ಇದೆ. ಯೆಮನ್‌ನ ಪೂರ್ವ ತುದಿಯ ಮಹ್ರಾ ಪ್ರಾಂತ್ಯದ ಅಲ್ ಗೈದಾದಲ್ಲಿ ಡಯಾಲಿಸಿಸ್ ಕೇಂದ್ರಕ್ಕೆ ಬೆಂಬಲ ಕೊಡುತ್ತಿರುವುದು ಸೌದಿಯ ದೊರೆ ಸಲ್ಮಾನ್ ಹೆಸರಿನ ಪರಿಹಾರ ಸಂಸ್ಥೆ. ಅದು ಸ್ಥಾಪನೆಯಾದದ್ದು 2015ರಲ್ಲಿ, ಬಾಂಬು ದಾಳಿ ಶುರುವಾದ ವರ್ಷವೇ. ಒಂದು ಕೈಯಲ್ಲಿ ಯುದ್ಧ, ಇನ್ನೊಂದು ಕೈಯಲ್ಲಿ ಔಷಧ ಎಂದು ಟೀಕಿಸುವುದು ಸುಲಭ, ಟೀಕೆಯಲ್ಲಿ ಸತ್ಯವೂ ಇದೆ. ಆದರೆ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವನು ದ್ರಾವಣದ ಕ್ಯಾನು ಯಾರ ದುಡ್ಡಿನದೆಂದು ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನನ್ನ ಆತಂಕ ಬೇರೆ. ಯುದ್ಧದಲ್ಲಿರುವ ಪಕ್ಷದ ದಾನ ಅದರ ಹಿಡಿತದ ಪ್ರದೇಶಕ್ಕೆ ಹೋಗುತ್ತದೆ, ರೋಗ ಎಲ್ಲ ಕಡೆ ಇರುತ್ತದೆ. ಇತ್ತ ಹೌತಿಗಳೂ ಸಾಧುಗಳಲ್ಲ. ಆಹಾರ ಬೇರೆಡೆಗೆ ಹೋಗುತ್ತಿದೆಯೆಂದು ವಿಶ್ವ ಆಹಾರ ಕಾರ್ಯಕ್ರಮ 2019ರ ಜೂನ್‌ನಲ್ಲಿ ಸನಾದಲ್ಲಿ ವಿತರಣೆಯನ್ನು ಭಾಗಶಃ ನಿಲ್ಲಿಸಿತ್ತು. 2024ರ ಜೂನ್‌ನಿಂದ ಹೌತಿಗಳು ವಿಶ್ವಸಂಸ್ಥೆಯ ಮತ್ತು ಸಹಾಯ ಸಂಸ್ಥೆಗಳ ಸ್ಥಳೀಯ ಸಿಬ್ಬಂದಿಯನ್ನು ಹಿಡಿದಿಟ್ಟಿದ್ದಾರೆ. 2025ರ ಫೆಬ್ರುವರಿಯಲ್ಲಿ ಸೆರೆಯಲ್ಲೇ ಒಬ್ಬ ನೌಕರ ಸತ್ತ. ಅದೇ ವರ್ಷ ಅಮೆರಿಕದ ನೆರವು ಕಡಿತವಾಯಿತು, ಹೊದೈದಾ ಬಂದರಿನ ಮೇಲೂ ಸನಾ ವಿಮಾನ ನಿಲ್ದಾಣದ ಮೇಲೂ ಇಸ್ರೇಲಿನ ಬಾಂಬು ಬಿತ್ತು. ದ್ರಾವಣದ ಕ್ಯಾನು ಬರುವ ಬಂದರು ಅದು.

ಇಷ್ಟೆಲ್ಲದರ ನಡುವೆ ಒಂದು ಬದಲಾವಣೆಯನ್ನು ಹೇಳಬೇಕು. ಯೆಮನ್‌ನ ತೈಜ್ ನಗರ 2015ರಿಂದ ಎರಡು ಹೋಳು. ನಗರದ ಒಳಗೆ ಸರಕಾರದ ಕಡೆಯವರು, ಅಂಚಿನ ಹವ್ಬಾನ್ ಬಡಾವಣೆಯಲ್ಲಿ ಹೌತಿಗಳು. ಮೊದಲು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ದಾರಿ ಮುಚ್ಚಿತು. ಬೆಟ್ಟದ ಕಡಿದಾದ ರಸ್ತೆಯಲ್ಲಿ ಸುತ್ತಿ ಬರಲು ಐದಾರು ಗಂಟೆ ಹಿಡಿಯುತ್ತಿತ್ತು. ಹವ್ಬಾನ್‌ನಲ್ಲಿದ್ದು ನಗರದೊಳಗೆ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದ ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ವಾರಕ್ಕೆ ಎರಡು ಸರದಿ, ಹೋಗಿ ಬರಲು ವರ್ಷಕ್ಕೆ 208 ಪ್ರಯಾಣ. ತಲಾ ಐದು ಗಂಟೆ ಎಂದರೂ 1,040 ಗಂಟೆ, ಅಂದರೆ ವರ್ಷದಲ್ಲಿ ನಲವತ್ಮೂರು ಹಗಲು ನಲವತ್ಮೂರು ರಾತ್ರಿ ರಸ್ತೆಯಲ್ಲೇ, ಅದೂ ಮೈಯಲ್ಲಿ ನೀರು ತುಂಬಿಕೊಂಡು, ತಪಾಸಣೆಯ ಸಾಲಿನಲ್ಲಿ. 2024ರ ಜೂನ್ 13ರಂದು, ಒಂಬತ್ತು ವರ್ಷದ ನಂತರ, ಎರಡೂ ಕಡೆಯವರು ಆ ರಸ್ತೆ ತೆರೆದರು. ಈಗ ಅದೇ 208 ಪ್ರಯಾಣಕ್ಕೆ ವರ್ಷಕ್ಕೆ ಐವತ್ತೆರಡು ಗಂಟೆ ಸಾಕು.